ಯಾರ ಹತ್ತಿರ ಹೇಳುವುದು?

ಪೊಳ್ಳಾಚಿಯಿಂದ ಆನೈಮಲೈ ಊರಿಗೆ ಬಸ್ಸಿನಲ್ಲಿ ಹೋದರೆ ದಾರಿಯುದ್ದಕ್ಕೂ ತೆಂಗಿನ ತೋಟ. ಅಲ್ಲಿನ ಮಾಸಾಣಿ ಅಮ್ಮನ ಗುಡಿಯಲ್ಲಿ ದೇವಿ ನಿಂತಿಲ್ಲ, ಕೂತಿಲ್ಲ, ಮಲಗಿದ್ದಾಳೆ. ಗುಡಿಯಲ್ಲಿ ನೀತಿಕಲ್ಲು ಎಂಬುದೊಂದಿದೆ. ಮೋಸ ಹೋದವರು, ಕಳೆದುಕೊಂಡವರು, ಮನೆಯವರಿಂದಲೇ ನೊಂದವರು ಒಣಮೆಣಸಿನಕಾಯಿ ಅರೆದು ಆ ಕಲ್ಲಿಗೆ ಬಳಿಯುತ್ತಾರೆ. ಸರತಿಯಲ್ಲಿ ನನ್ನ ಮುಂದಿದ್ದ ಹೆಂಗಸು ಕುಕ್ಕರಗಾಲಲ್ಲಿ ಕೂತು, ನೀರು ಚಿಮುಕಿಸಿಕೊಳ್ಳುತ್ತ ಎರಡೂ ಕೈಯಲ್ಲಿ ಅರೆಯುತ್ತಿದ್ದರು. ಕೆಂಪು ಮುಂಗೈವರೆಗೆ ಹತ್ತಿತ್ತು. ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು. ಅಲ್ಲಿ ಅತ್ತರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಮೆಣಸಿನ ಘಾಟು ಅಂದುಕೊಂಡು ಸುಮ್ಮನಾಗುತ್ತಾರೆ.

ಆಮೇಲೆ ನಲ್ಲಿಯ ಹತ್ತಿರ ಕೈ ತೊಳೆಯುವಾಗ ಅವರು ಮಗಳ ಜೊತೆ ಆಡಿದ ಮಾತು ಕನ್ನಡ. ಮಗ್ಗದ ಮನೆಯವರು. ಈ ಸೀಮೆಯಲ್ಲಿ ದೇವಾಂಗರು, ಒಕ್ಕಲಿಗರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಉಳಿಸಿಕೊಂಡಿದ್ದಾರೆ. ಶಾಲೆ, ಸಂತೆ, ಆಸ್ಪತ್ರೆ ಎಲ್ಲ ತಮಿಳು. "ಇಷ್ಟು ದೂರ ಬರೋ ಬದಲು ಅಕ್ಕಪಕ್ಕದವರ ಹತ್ತಿರ ಹೇಳ್ಕೋಬಹುದಿತ್ತಲ್ಲ ಅಕ್ಕ?" ಅಂದೆ. "ಅಕ್ಕಪಕ್ಕ ಹೇಳಿದ್ರೆ ನಾಳೆ ಬೀದಿಗೆಲ್ಲ ಗೊತ್ತಾಗ್ತದೆ ಕಣ್ಣು" ಅಂದರು. ಈ ಕೊಂಗುನಾಡಿನಲ್ಲಿ ಕಣ್ಣು ಅಂದರೆ ಮಗೂ ಅಂದ ಹಾಗೆ.

ಮನಸ್ಸಿನ ನೋವು ತೋಡಿಕೊಳ್ಳಬೇಕಾದದ್ದು ನಮ್ಮವರ ಮುಂದೆಯೋ, ಪರರ ಮುಂದೆಯೋ? ಕೈಯಲ್ಲಿ ದುಡ್ಡಿರುವವರಿಗೆ ಇದು ದೊಡ್ಡ ಪ್ರಶ್ನೆಯಲ್ಲ, ಎರಡೂ ಸಿಗುತ್ತವೆ. ಹೆಣ್ಣು, ಬಡವರು, ದಲಿತರು, ಬೆಟ್ಟದ ಬುಡಕಟ್ಟಿನ ಕಾಡರು, ಮಲಸರು, ಊರಿನ ಭಾಷೆಗಿಂತ ಬೇರೆ ಭಾಷೆಯವರು, ಇಂಥವರಿಗೆ ಒಂದನ್ನು ಹಿಡಿದರೆ ಇನ್ನೊಂದು ತಪ್ಪುತ್ತದೆ.

ಮೊದಲು ನಮ್ಮವರ ಪರವಾಗಿ. ಮಾಸಾಣಿಯ ಕಥೆಯೇ ಅನ್ಯಾಯದ ಕಥೆ. ನನ್ನನ್ ಎಂಬ ಅರಸ, ತನ್ನ ಮರದ ಮಾವಿನಕಾಯಿ ಹೊಳೆಯಲ್ಲಿ ತೇಲಿಬಂದಾಗ ತಿಂದಳೆಂದು ಒಬ್ಬ ಹುಡುಗಿಗೆ ಮರಣದಂಡನೆ ಕೊಟ್ಟ. 81 ಆನೆ, ಅವಳ ತೂಕದ ಚಿನ್ನದ ಗೊಂಬೆ ಕೊಡುತ್ತೇವೆಂದರೂ ಬಿಡಲಿಲ್ಲವೆಂದು ಸಂಗಂ ಕಾಲದ ಕವಿ ಪರಣರ್ ಕುರುಂತೊಗೈಯಲ್ಲಿ ನೆನೆಯುತ್ತಾನೆ. ಆ ಹುಡುಗಿಯೇ ಇಲ್ಲಿ ಮಲಗಿರುವ ಅಮ್ಮ ಎಂದು ಊರಿನ ನಂಬಿಕೆ. ಸುಟ್ಟಗಾಯದಂಥ ದುಃಖ ಹೊತ್ತು ಬಂದವಳು ತನಗಿಂತ ಹೆಚ್ಚು ನೊಂದವಳ ಮುಂದೆ ಕೂರುತ್ತಾಳೆ. ಆಸ್ಪತ್ರೆಯ ಚೀಟಿ ಬರೆಸಬೇಕಿಲ್ಲ, ಕಾಯಿಲೆಯ ಹೆಸರು ಹೇಳಬೇಕಿಲ್ಲ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ಮಾಡಿದ ಅಧ್ಯಯನವನ್ನು ನೋಡಬೇಕು. ತಮಿಳುನಾಡಿನ ಹಳ್ಳಿಯೊಂದರ ಮುತ್ತುಸ್ವಾಮಿ ಗುಡಿಯಲ್ಲಿ ತೀವ್ರ ಮನೋರೋಗವಿದ್ದ 31 ಜನ ಸರಾಸರಿ 6 ವಾರ ಉಳಿದಿದ್ದರು. ಅಲ್ಲಿ ಮಂತ್ರ ತಂತ್ರ ಏನಿಲ್ಲ. ಬೆಳಗ್ಗೆ ಸಣ್ಣ ಪೂಜೆ, ಆಮೇಲೆ ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಜೊತೆಗೆ ಮನೆಯವರೊಬ್ಬರು. ಹೊರಡುವ ಹೊತ್ತಿಗೆ ರೋಗದ ಲಕ್ಷಣಗಳು ಶೇಕಡಾ 20ರ ಹತ್ತಿರ ಇಳಿದಿದ್ದವು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ, ಆದ್ದರಿಂದ ಹೆಚ್ಚು ಹೇಳಿಕೊಳ್ಳುವ ಹಾಗಿಲ್ಲ. ಆದರೂ ಬೈಗುಳವಿಲ್ಲದ ಜಾಗ, ಮಾಡಲೊಂದು ಕೆಲಸ, ಪಕ್ಕದಲ್ಲೊಬ್ಬರು, ಇಷ್ಟೇ ಎಷ್ಟು ದೂರ ಒಯ್ಯಬಲ್ಲದು ಎಂಬುದು ಕಾಣುತ್ತದೆ.

ಅದೇ ತಮಿಳುನಾಡಿನ ಏರ್ವಾಡಿಯನ್ನೂ ಮರೆಯುವಂತಿಲ್ಲ. 2001ರ ಆಗಸ್ಟ್ 6ರ ನಸುಕಿನಲ್ಲಿ ದರ್ಗಾ ಊರಿನ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಜನ ತೀರಿಕೊಂಡರು. ಅವರನ್ನು ಅಲ್ಲಿ ಬಿಟ್ಟುಹೋಗಿದ್ದವರು ಹೆಚ್ಚಾಗಿ ಅವರ ಮನೆಯವರೇ. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದ್ದು 2017ರಲ್ಲಿ.

ನಮ್ಮವರು ಎಂಬ ಮಾತು ಎಲ್ಲಿ ಮುರಿದು ಬೀಳುತ್ತದೆ ಎಂದು ಪೊಳ್ಳಾಚಿಗಿಂತ ಚೆನ್ನಾಗಿ ಬಲ್ಲ ಊರು ಕಡಿಮೆ. 2019ರ ಫೆಬ್ರುವರಿಯಲ್ಲಿ ಒಬ್ಬ ಕಾಲೇಜು ಹುಡುಗಿ ಕೊಟ್ಟ ದೂರಿನಿಂದ ಒಂದು ಗ್ಯಾಂಗು ಸಿಕ್ಕಿಬಿತ್ತು. ಸ್ನೇಹದ ನೆಪದಲ್ಲಿ ಹೆಣ್ಣುಮಕ್ಕಳನ್ನು ಕರೆದೊಯ್ದು, ದೌರ್ಜನ್ಯ ಮಾಡಿ, ವಿಡಿಯೋ ತೆಗೆದು, ಅದನ್ನೇ ಹಿಡಿದು ಮತ್ತೆ ಮತ್ತೆ ಬೆದರಿಸುತ್ತಿದ್ದರು. ಅಂಥ ವಿಡಿಯೋ ಆಯುಧವಾದದ್ದು ಹೇಗೆ ಎಂದು ಯೋಚಿಸಿ. ಅಪ್ಪನಿಗೆ, ಅಣ್ಣನಿಗೆ, ಜಾತಿಯವರಿಗೆ ಗೊತ್ತಾದರೆ ತನ್ನನ್ನೇ ದೂಷಿಸುತ್ತಾರೆ ಎಂಬ ಭಯವಿಲ್ಲದಿದ್ದರೆ ಆ ಫೋನಿಗೆ ಅಷ್ಟು ಬಲವೇ ಇರುತ್ತಿರಲಿಲ್ಲ. ಇಂಥ ಹುಡುಗಿಗೆ ಬೇಕಾದದ್ದು ತನ್ನ ಕುಲ, ಬೀದಿ ಯಾವುದೂ ಗೊತ್ತಿಲ್ಲದ ಒಬ್ಬರು.

ಆದರೆ ಆ ಪರರು ಏನು ಮಾಡಿದರು? ದೂರು ಕೊಟ್ಟವಳ ಗುರುತನ್ನು ಪೊಲೀಸ್ ಅಧಿಕಾರಿಯೇ ಬಹಿರಂಗಪಡಿಸಿದರು, ಸರ್ಕಾರದ ಆದೇಶದಲ್ಲೂ ಅದು ಬಂತು. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಅವಳಿಗೆ 25 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಹೇಳಬೇಕಾಯಿತು. ಈ ಒಂದು ತಪ್ಪಿನಿಂದ ಬಾಯಿ ಮುಚ್ಚಿಕೊಂಡವರ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ. ಅದೇ ವ್ಯವಸ್ಥೆ ಮುಂದೆ ಬಾಗಿಲು ಮುಚ್ಚಿದ ಕೋಣೆಯಲ್ಲಿ, ಗುರುತು ಕಾಪಾಡಿ ವಿಚಾರಣೆ ನಡೆಸಿತು, ಹೆಣ್ಣುಮಕ್ಕಳು ಬಂದು ಸಾಕ್ಷಿ ಹೇಳಿದರು. 2025ರ ಮೇ 13ರಂದು ಕೊಯಮತ್ತೂರಿನ ಮಹಿಳಾ ನ್ಯಾಯಾಲಯ 9 ಜನರಿಗೆ ಸಾಯುವವರೆಗೂ ಜೈಲು ವಿಧಿಸಿತು, 8 ಸಂತ್ರಸ್ತೆಯರಿಗೆ ಒಟ್ಟು 85 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಗುಟ್ಟು ಉಳಿದ ಕಡೆ ಬಾಯಿ ತೆರೆಯಿತು.

ಪಕ್ಕದ ಉಡುಮಲೈಪೇಟೆಯಲ್ಲಿ ನಡೆದದ್ದು ಇನ್ನೊಂದು ಬಗೆ. 2016ರ ಮಾರ್ಚ್ 13ರಂದು, ಜಾತಿ ಮೀರಿ ಮದುವೆಯಾದರೆಂದು, ದಲಿತ ಎಂಜಿನಿಯರಿಂಗ್ ವಿದ್ಯಾರ್ಥಿ ಶಂಕರ್ ಅವರನ್ನು ಹಾಡಹಗಲಲ್ಲಿ ಕೊಚ್ಚಿ ಕೊಂದರು. ಅವರ ಪತ್ನಿ ಕೌಸಲ್ಯಾ ಗಾಯಗೊಂಡು ಬದುಕಿದರು. ಅವರು ಉಳಿದದ್ದು ಹುಟ್ಟಿದ ಮನೆಯಲ್ಲಲ್ಲ, ಶಂಕರ್ ಅವರ ಮನೆಯಲ್ಲಿ. ಜಾತಿವಿರೋಧಿ ಚಳವಳಿಯವರು ಜೊತೆಗೆ ನಿಂತರು, ಕೌಸಲ್ಯಾ ಪರೈ ಎಂಬ ತಮಟೆ ಬಾರಿಸುವುದನ್ನು ಕಲಿತರು. ಅದೂ ಸಮುದಾಯವೇ, ರಕ್ತದಿಂದ ಬಂದದ್ದಲ್ಲ ಅಷ್ಟೆ. ಸಲಿಂಗಿಗಳ, ಲಿಂಗಾಂತರಿಗಳ ಬದುಕಿನಲ್ಲಂತೂ ಇದೇ ಹೆಚ್ಚು. ಅವರಿಗೆ ಮನೆಯವರೂ ಪೆಟ್ಟು ಕೊಟ್ಟಿದ್ದಾರೆ, ಗುಣಪಡಿಸುತ್ತೇವೆಂದು ಹೊರಟ ಕೆಲವು ವೈದ್ಯರೂ ಕೊಟ್ಟಿದ್ದಾರೆ. 2021ರಲ್ಲಿ ಇಬ್ಬರು ಯುವತಿಯರ ಪ್ರಕರಣ ಕೈಗೆ ಬಂದಾಗ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್, ತಮಗೆ ಈ ವಿಷಯ ತಿಳಿಯದೆಂದು ಒಪ್ಪಿಕೊಂಡು, ತಾವೇ ಮನಶ್ಶಾಸ್ತ್ರಜ್ಞೆಯೊಬ್ಬರ ಮುಂದೆ ಕೂತು ತಿಳಿದುಕೊಂಡರು. ಆಮೇಲೆ ಕೊಟ್ಟ ಆದೇಶದಲ್ಲಿ ಲೈಂಗಿಕತೆ ಬದಲಿಸುವ "ಚಿಕಿತ್ಸೆ"ಗೆ ತಡೆ ಹಾಕಿದರು. ತಿಳಿಯದು ಎಂದು ಒಪ್ಪುವ ಆ ಗುಣ ಪ್ರತಿ ಆಸ್ಪತ್ರೆಗೂ ಬರಲಿ ಎಂದು ನನ್ನ ಆಸೆ.

ಎರಡನ್ನೂ ತೂಗಿ ನೋಡಿದರೆ ನನಗೆ ಅನ್ನಿಸುವುದು ಇದು. ದುಃಖ ಊರಿಗೆಲ್ಲ ಬಂದದ್ದಾದರೆ, ಸಾವು, ಬರ, ಸಾಲ, ಮಗ್ಗ ನಿಂತದ್ದು, ಆಗ ನಮ್ಮವರಷ್ಟು ದೊಡ್ಡ ಔಷಧಿ ಇಲ್ಲ. ದುಃಖ ಕೊಟ್ಟವರೇ ನಮ್ಮವರಾದರೆ, ಅಥವಾ ಮರ್ಯಾದೆಯ ಮಾತು ನಡುವೆ ಬಂದರೆ, ಮೊದಲ ಬಾಗಿಲು ಪರರದ್ದೇ ಆಗಬೇಕು. ಇಲ್ಲಿ ನಾನು ಮಧ್ಯದಲ್ಲಿ ನಿಲ್ಲಲಾರೆ.

ಎರಡರ ನಡುವೆ ಒಂದು ದಾರಿ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತೆಯರಿಗೂ ಮನೋರೋಗ ಗುರುತಿಸಲು ಕಲಿಸಿತು, 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಗೋವಾದ ಸಂಗಾತ್ ಸಂಸ್ಥೆ ಮನೋವೈದ್ಯಕೀಯ ತರಬೇತಿ ಇಲ್ಲದ ಸಾಮಾನ್ಯರಿಗೆ ಆಪ್ತ ಸಮಾಲೋಚನೆ ಕಲಿಸಿತು. ಜಿಂಬಾಬ್ವೆಯ ಹರಾರೆಯಲ್ಲಿ ಅಜ್ಜಿಯರು ಬೆಂಚಿನ ಮೇಲೆ ಕೂತು ಜನರ ಮಾತು ಕೇಳುತ್ತಾರೆ. ಪೊಳ್ಳಾಚಿಯ ಮಗ್ಗದ ಬೀದಿಗಳಲ್ಲೂ ಇಂಥ ಹೆಂಗಸರನ್ನು ತಯಾರು ಮಾಡಬಹುದು. ಆದರೆ ಈ ಬೀದಿಯವರು ಆ ಊರಿನಲ್ಲಿ ಕೆಲಸ ಮಾಡಲಿ, ಆ ಊರಿನವರು ಇಲ್ಲಿಗೆ ಬರಲಿ. ಭಾಷೆ ನಮ್ಮದಿರಬೇಕು, ನೆಂಟಸ್ತಿಕೆ ಇರಬಾರದು. ನೋವು ಹೇಳುವಾಗ ಮನೆಯ ಮಾತೇ ಬಾಯಿಗೆ ಬರುವುದು. ಮಾರುಕಟ್ಟೆಯ ತಮಿಳಿನಲ್ಲಿ ರಾಟೆಯ ಬೆಲೆ ಹೇಳಬಹುದು, ರಾತ್ರಿ ನಿದ್ದೆ ಬರದ ಸಂಕಟ ಹೇಳುವುದು ಕಷ್ಟ.

ಬಸ್ಸಿಗೆ ಕಾಯುವಾಗ ನಾನು ಗುಡಿಯಲ್ಲಿ ಸಿಕ್ಕ ಆ ಹೆಂಗಸಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು ಅಂದೆ. ಮಗಳು ಫೋನಿನಲ್ಲಿ ಹಾಕಿಕೊಂಡಳು. ಅವರು ಕೇಳಿದ್ದು ಒಂದೇ.

"ಹೆಸರು ಕೇಳ್ತಾರಾ?"

ಇಷ್ಟವಿಲ್ಲದಿದ್ದರೆ ಹೇಳಬೇಕಾಗಿಲ್ಲ ಅಂದೆ. ಬಸ್ಸು ಬಂತು. ಹತ್ತುವ ಮೊದಲು ತಿರುಗಿ, ಇನ್ನೊಂದು ಸಲ ಅದನ್ನೇ ಕೇಳಿದರು.