ಏಜೆಂಟಮ್ಮನ ಕಮಿಷನ್ ಕಡಿದ್ರ ನಮಗೇನು ಬಂತು?

"ಎಲ್ಐಸಿಯವರು ಏಜೆಂಟರ ಕಮಿಷನ್ ಕಡಿಮಿ ಮಾಡ್ಯಾರ, ಚಲೋ ಆತು ಬಿಡ್ರಿ" ಅಂತ ನಮ್ಮ ಓಣ್ಯಾಗ ಇನ್ನೂ ಅಂತಾರ. ಏನು ಚಲೋ ಆತ್ರಿ? ಅದರಿಂದ ನಿಮ್ಮ ಕಂತು ಒಂದು ರೂಪಾಯಿ ಇಳಿದೈತೇನು? 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಹೋತಲ್ಲ, ಅದು ಸರ್ಕಾರ ಬಿಟ್ಟ ತೆರಿಗಿ. ಅದಕ್ಕೂ ಇದಕ್ಕೂ ಸಂಬಂಧ ಹಚ್ಚಬ್ಯಾಡ್ರಿ.

2024ರ ಅಕ್ಟೋಬರ್ 1ರಿಂದ ಮೊದಲ ವರ್ಷದ ಕಮಿಷನ್ ನೂರಕ್ಕ 35 ಇದ್ದದ್ದು 28 ಆತು. ಮುಂದಿನ ವರ್ಷಗಳದ್ದು 5 ಇದ್ದದ್ದು ಏಳೂವರಿ ಆತು. ವರ್ಷಕ್ಕ 12,000 ಕಂತು ಹಿಡೀರಿ. ಮೊದಲ 4,200 ಸಿಗ್ತಿತ್ತು, ಈಗ 3,360. ಮುಂದ 600ರ ಬದಲು 900. ಕಾಗದದ ಮ್ಯಾಲೆ ಮೂರು ವರ್ಷಕ್ಕ ಸರಿಹೋಗ್ತೈತಿ. ಖರೆ ಹೇಳ್ತೀನಿ, ಮುಂದಿನದು ಏರಿಸಿದ್ದು ತಪ್ಪಲ್ಲ. ಪಾಲಿಸಿ ಮಾಡ್ಸಿ ಮತ್ತ ಮುಖ ತೋರಿಸದ ಏಜೆಂಟರೂ ಅದಾರ. ಆದ್ರ ಕಾಲುವಿಗೆ ನೀರು ಬರದ ವರ್ಷ ನಮ್ಮ ಕಡಿ ಭತ್ತ ಇಲ್ಲ, ಕಂತೂ ಇಲ್ಲ. ಕಂತು ನಿಂತ್ರ ಆಕಿಗೆ 900 ಎಲ್ಲಿಂದ ಬರಬೇಕು?

ನನಗ ಹೆಚ್ಚು ಸಿಟ್ಟು ಬಂದದ್ದು ಬ್ಯಾರೆದಕ್ಕ. ಅದೇ ದಿನದಿಂದ ಎಂಡೋಮೆಂಟ್ ಪಾಲಿಸಿ ಕನಿಷ್ಠ 1 ಲಕ್ಷ ಇದ್ದದ್ದು 2 ಲಕ್ಷ ಮಾಡಿದ್ರು, ಸೇರೋ ವಯಸ್ಸು 55ರಿಂದ 50ಕ್ಕ ಇಳಿಸಿದ್ರು. ನನ್ನಂಥಾಕಿಗೆ ಬಾಗಲಾನ ಹಾಕಿದ್ರು. ನಾಟಿ ಹಚ್ಚೋ ಹೆಣ್ಮಗಳು ಸಣ್ಣ ಕಂತು ಕಟ್ಟಬಹುದಿತ್ತು, ದೊಡ್ಡದು ಹೆಂಗ ಕಟ್ತಾಳ? ಗಳಿಕಿ ಕಡಿಮಿ ಆದ ಏಜೆಂಟಮ್ಮನೂ ಇನ್ನ ದೊಡ್ಡ ಮನಿ ಬಾಗಲಾನ ಬಡೀತಾಳ. ಆಕಿಗೂ ಹೊಟ್ಟಿ ಐತಲ್ಲ.

ಗಂಡ ಸತ್ತ ಮನ್ಯಾಗ ಬಾಂಡು ಹುಡುಕೋದು, ಮರಣ ಪತ್ರ ತರಿಸೋದು, ಪಾಸ್‌ಬುಕ್ ಜೆರಾಕ್ಸ್, ನಾಮಿನಿ ಹೆಸರು ಆಧಾರದಾಗ ಒಂದು, ಬಾಂಡಿನ್ಯಾಗ ಇನ್ನೊಂದು. ಇದನ್ನೆಲ್ಲ ಯಾರು ಮಾಡ್ತಾರ? ಮೊಬೈಲ್ ಆ್ಯಪ್ ಮಾಡ್ತೈತೇನು? ಈ ಓಡಾಟಕ್ಕಂತ ಆಕಿಗೆ ಬ್ಯಾರೆ ಪಗಾರ ಇಲ್ಲ, ಎಲ್ಲಾ ಅದೇ ಕಮಿಷನ್ನಿನ್ಯಾಗ.

ಇತ್ತ 2024ರ ಡಿಸೆಂಬರಿನ್ಯಾಗ ಬೀಮಾ ಸಖಿ ತಂದ್ರು. ಹತ್ತನೇತ್ತ ಪಾಸಾದ ಹೆಣ್ಮಕ್ಕಳಿಗೆ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000. ಒಳ್ಳೇದೇ. ಮೂರು ವರ್ಷ ಮುಗದ ಮ್ಯಾಲೆ ಆ ಹುಡುಗಿಗೂ ಇದೇ ಕಡಿದ ಕಮಿಷನ್ನೇ ಗತಿ.

ಇನ್ನ ನಮ್ಮವರಿಗೊಂದು ಮಾತು. "ಮೊದಲ ಕಂತಿನ್ಯಾಗ ಸ್ವಲ್ಪ ನೀನಾ ತುಂಬವ್ವಾ" ಅಂತ ಆಕಿನ್ನ ಹಿಂಡ್ತೀರಲ್ಲ, ಅದನ್ನ ಬಿಡ್ರಿ. ವಿಮಾ ಕಾಯ್ದೆ 41ನೇ ಕಲಮಿನ ಪ್ರಕಾರ ಹಂಗ ಕೊಡೋದೂ ತಪ್ಪು, ತಗೊಳ್ಳೋದೂ ತಪ್ಪು. ಅದರ ಬದಲು ಬಾಂಡು ಹೊರಗ ತಗದು ನಾಮಿನಿ ಹೆಸರು ಸರಿ ಐತೇನಂತ ಆಕಿ ಮುಂದ ಕುಂತು ಇವತ್ತಾ ನೋಡ್ಕೊಳ್ರಿ.