ಕೆರೆ ತುಂಬಿದರೆ ಸಾಕೆ?

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನ್ನ ವಯಸ್ಸಿನವರಿಗೆ ಇಲ್ಲಿ ಕೆರೆ ಎಂದರೆ ಜಾಲಿ ಬೆಳೆದ ಬಯಲು. ಅಲ್ಲಿ ಕ್ರಿಕೆಟ್ ಆಡಿದ್ದೇವೆಯೇ ಹೊರತು ಈಜಿದ್ದಿಲ್ಲ. ಅಂಥ ಕೆರೆಯಲ್ಲಿ ಬೇಸಿಗೆಯಲ್ಲೂ ನೀರು ನಿಂತಿದ್ದನ್ನು ಮೊದಲ ಸಲ ಕಂಡಾಗ ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯತ್ತ ಬಾಗಿದ್ದರು. ಮನೆಗೆ ಬಂದು, ‘ಅದು ಬೆಂಗಳೂರಿನ ಕೊಳಚೆ ನೀರಜ್ಜಿ, ಎರಡೇ ಹಂತ ಶುದ್ಧ ಮಾಡಿ ಬಿಟ್ಟಿದ್ದಾರೆ’ ಎಂದೆ. ಅಜ್ಜಿ ಸೊಪ್ಪು ಬಿಡಿಸುತ್ತಲೇ, ‘ಕೆರೆ ತುಂಬಿದ್ಮೇಲೆ ಇನ್ನೇನಪ್ಪ ನಿನ್ ತಕರಾರು?’ ಎಂದಳು. ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅಜ್ಜಿ ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮದು ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ. ಗೌರಿಬಿದನೂರಿನ ಉತ್ತರ ಪಿನಾಕಿನಿ ಹರಿಯುವುದು ಒಳ್ಳೆಯ ಮಳೆಯಾದ ವರ್ಷ ಮಾತ್ರ. ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ನೀರಿನ ಜೊತೆ ಫ್ಲೋರೈಡ್ ಕೂಡ ಮೇಲೆ ಬಂತು. ಆಗ ಬಂದವು ಕೆ.ಸಿ. ವ್ಯಾಲಿ ಮತ್ತು ಎಚ್.ಎನ್. ವ್ಯಾಲಿ ಯೋಜನೆಗಳು. ಎಚ್.ಎನ್. ಎಂದರೆ ಹೆಬ್ಬಾಳ–ನಾಗವಾರ. ಆ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ, ದಿನಕ್ಕೆ 21 ಕೋಟಿ ಲೀಟರ್‌ನಂತೆ 65 ಕೆರೆಗಳಿಗೆ ಹರಿಸುವುದು ಯೋಜನೆಯ ಗುರಿ. ಅದರಲ್ಲಿ ಹೆಚ್ಚಿನ ಕೆರೆಗಳು ನಮ್ಮ ಜಿಲ್ಲೆಯವು.

ಒಂದು ಲೆಕ್ಕದಲ್ಲಿ ಇದು ಹಳೆಯ ಸಾಲದ ವಾಪಸಾತಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯ ನೀರನ್ನೇ 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಒಯ್ದದ್ದು. ಆದರೆ ಕೊಟ್ಟದ್ದು ತಿಳಿನೀರು. ಮರಳಿ ಬರುತ್ತಿರುವುದು ಎಂಥದ್ದು?

ಬೆಂಗಳೂರು ತನ್ನ ಕೆರೆಗಳನ್ನು ಹೇಗೆ ಇಟ್ಟುಕೊಂಡಿದೆ ಎಂಬುದಕ್ಕೆ ಬೆಳ್ಳಂದೂರು ಸಾಕ್ಷಿ. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿ ಬಿತ್ತು. ಅದೇ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಕೋಲಾರಕ್ಕೆ ಬಂತು. ಮರು ತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಪ್ರಕರಣ ಹೈಕೋರ್ಟ್‌ಗೆ, ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ ಹೋಯಿತು. ಒಮ್ಮೆ ನಿಂತ ನೀರು ಆಮೇಲೆ ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಹೋರಾಟಗಾರರ ಬೇಡಿಕೆ ಮಾತ್ರ ಉಳಿದುಕೊಂಡಿತು.

ಈ ಹಂತಗಳ ಲೆಕ್ಕ ಸರಳ. ಮೊದಲ ಹಂತದಲ್ಲಿ ಕಸ, ಮರಳು, ಗಷ್ಟು ಬೇರೆಯಾಗುತ್ತವೆ. ಎರಡನೆಯದರಲ್ಲಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತವೆ. ಉಳಿದ ಸಾರಜನಕ, ರಂಜಕ, ರೋಗಾಣುಗಳನ್ನು ತೆಗೆಯುವುದು ಮೂರನೇ ಹಂತ. ಆದರೆ ಬ್ಯಾಕ್ಟೀರಿಯಾ ತಿನ್ನಲಾಗದ ವಸ್ತುಗಳೂ ಇವೆ. ಲೋಹಕ್ಕೆ ಬಣ್ಣ ಹಾಕುವ, ಲೇಪನ ಮಾಡುವ ಕಾರ್ಖಾನೆಗಳ ಕ್ರೋಮಿಯಂ, ನಿಕಲ್ ಒಮ್ಮೆ ಮನೆಗಳ ಕೊಳಚೆಗೆ ಬೆರೆತರೆ ಮತ್ತೆ ಬೇರ್ಪಡಿಸುವುದು ಕಷ್ಟ, ದುಬಾರಿ. ಅವನ್ನು ಕಾರ್ಖಾನೆಯ ಗೇಟಿನಲ್ಲೇ ತಡೆಯಬೇಕು. ಈ ನೀರು ಕುಡಿಯಲಿಕ್ಕಲ್ಲ, ಅಂತರ್ಜಲ ಮರುಪೂರಣಕ್ಕೆ ಎನ್ನುತ್ತಾರೆ. ಸರಿ, ಆದರೆ ನಮ್ಮ ನಲ್ಲಿಯ ನೀರು ಬರುವುದೂ ಅದೇ ಅಂತರ್ಜಲದಿಂದ ತಾನೆ?

ಹಾಗಾದರೆ ಕೊಳೆತ ಕೈಗಾರಿಕಾ ನಗರವನ್ನು ಶುಚಿ ಮಾಡಲು ಆಗುವುದೇ ಇಲ್ಲವೇ? ಆಗುತ್ತದೆ. ಜರ್ಮನಿಯ ರೂರ್ ಪ್ರದೇಶ ಕಲ್ಲಿದ್ದಲು, ಉಕ್ಕಿನ ನಾಡು. ಗಣಿಗಾರಿಕೆಯಿಂದ ನೆಲ ಕುಸಿಯುತ್ತಿದ್ದ ಕಾರಣ ಅಲ್ಲಿ ಭೂಮಿಯೊಳಗೆ ಒಳಚರಂಡಿ ಹಾಕಲಾಗದೆ, ಎಮ್ಶರ್ ಎಂಬ ನದಿಗೇ ಕಾಂಕ್ರೀಟ್ ಹಾಸಿ ತೆರೆದ ಚರಂಡಿ ಮಾಡಿಬಿಟ್ಟಿದ್ದರು. ಗಣಿಗಾರಿಕೆ ಕುಗ್ಗಿದ ಮೇಲೆ, 1992ರಲ್ಲಿ ನದಿಯನ್ನು ಮರಳಿ ಪಡೆಯುವ ಕೆಲಸ ಶುರುವಾಯಿತು. ಕೊಳಚೆಗೆ ಬೇರೆ ದಾರಿ, ನದಿಗೆ ಬೇರೆ ದಾರಿ ಎಂಬುದು ಅದರ ಮೂಲಸೂತ್ರ. 2021ರ ಕೊನೆಗೆ ಎಮ್ಶರ್ ಕೊಳಚೆಯಿಂದ ಬಿಡುಗಡೆಯಾಯಿತು. ಸುಮಾರು 30 ವರ್ಷ, 500 ಕೋಟಿ ಯೂರೊಗೂ ಹೆಚ್ಚು ಹಣ ಹಿಡಿಯಿತು. ಈ ಕೆಲಸ ನಡೆಸಿದ ಸಂಸ್ಥೆ 1899ರಿಂದಲೂ ಇದೆ. ಊರುಗಳೂ ಕಂಪನಿಗಳೂ ಅದರ ಸದಸ್ಯರು, ಖರ್ಚಿನಲ್ಲಿ ಪಾಲುದಾರರು. ಎಸೆನ್ ನಗರದಲ್ಲಿ ಮುಚ್ಚಿಹೋದ ಜೋಲ್‌ಫರಾಯ್ನ್ ಗಣಿ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇಂದು ಅಲ್ಲಿ ವಸ್ತುಸಂಗ್ರಹಾಲಯವಿದೆ. ಅವರಷ್ಟು ಹಣ ನಮ್ಮಲ್ಲಿಲ್ಲ. ಆದರೆ ಕೊಳೆ ಮಾಡಿದವರು ಖರ್ಚಿನಲ್ಲಿ ಪಾಲು ಕೊಡಬೇಕು ಎಂಬ ನಿಯಮಕ್ಕೆ ಶ್ರೀಮಂತಿಕೆ ಬೇಕಿಲ್ಲ.

ಇಷ್ಟು ಬರೆದ ಮೇಲೆ ನನ್ನ ಮನೆಯ ಮಾತನ್ನೂ ಹೇಳಬೇಕು. ನಮ್ಮಪ್ಪ ರೀಲರ್. ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ಗೂಡು ಬೇಯಿಸಿದ ನೀರು ದಿನವೂ ಚರಂಡಿ ಸೇರುತ್ತದೆ. ಗೂಡಿನ ಅಂಟು, ಅಂದರೆ ಸೆರಿಸಿನ್ ಎಂಬ ಪ್ರೊಟೀನ್, ಅದರಲ್ಲಿ ಕರಗಿರುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ; ನಾತ ಬೇರೆ. ಬೆಂಗಳೂರಿನ ಕೊಳೆಯ ಬಗ್ಗೆ ಭಾಷಣ ಮಾಡುವ ನನ್ನ ಕಾಲೇಜು ಫೀಸು ಬಂದದ್ದು ಈ ಶೆಡ್ಡಿನಿಂದಲೇ. ಅಪ್ಪನನ್ನು ಕೇಳಿದರೆ, ‘ನಾನೊಬ್ಬನೇ ಶುದ್ಧೀಕರಣದ ಯಂತ್ರ ಹಾಕಿದ್ರೆ ನೂಲಿನ ರೇಟಲ್ಲಿ ಗಿಟ್ಟುತ್ತೇನಪ್ಪ?’ ಎನ್ನುತ್ತಾರೆ. ಅವರ ಮಾತು ನಿಜ. ಒಬ್ಬೊಬ್ಬರಿಂದ ಆಗದ್ದನ್ನು ಬೀದಿಗೊಂದು ಸಾಮೂಹಿಕ ಘಟಕ ಮಾಡಬಲ್ಲದು. ಗೌರಿಬಿದನೂರಿನ ಕೈಗಾರಿಕಾ ಪ್ರದೇಶಕ್ಕೂ, ಬೆಳೆಯುತ್ತಿರುವ ಚಿಂತಾಮಣಿಗೂ ಇದೇ ಮಾತು ಅನ್ವಯಿಸುತ್ತದೆ. ಬೆಂಗಳೂರಿನಿಂದ ನಾವು ಕೇಳುವ ಶಿಸ್ತನ್ನು ನಮ್ಮ ಊರುಗಳೂ ಪಾಲಿಸಬೇಕು.

ಹಾಗಾಗಿ ನಾವು ಯುವಕರು ಕೇಳಬೇಕಾದದ್ದು ಮೂರು. ಕೆರೆಗೆ ಬಿಡುವ ನೀರಿಗೆ ಮೂರನೇ ಹಂತದ ಶುದ್ಧೀಕರಣವಾಗಲಿ. ಕೈಗಾರಿಕೆಯ ತ್ಯಾಜ್ಯ ಮನೆಗಳ ಕೊಳಚೆಗೆ ಬೆರೆಯದಂತೆ ಮೂಲದಲ್ಲೇ ತಡೆಯಲಿ. ಪ್ರತಿ ಕೆರೆಯ, ಅದರ ಸುತ್ತಲ ಕೊಳವೆಬಾವಿಗಳ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಲಿ. ಈ ಕೆಲಸಕ್ಕೆ ರಸಾಯನಶಾಸ್ತ್ರ ಓದಿದವರು ಬೇಕು, ಪಂಪು ಮೋಟಾರು ಬಲ್ಲ ಐಟಿಐ ಹುಡುಗರು ಬೇಕು, ಅಂಕಿಅಂಶ ನೋಡಿಕೊಳ್ಳುವವರು ಬೇಕು. ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೋಗುವ ನಮ್ಮಲ್ಲಿ ಕೆಲವರಿಗಾದರೂ ಊರಲ್ಲೇ ದುಡಿಮೆ ಸಿಕ್ಕೀತು.

ಅಜ್ಜಿಗೆ ಈಗ ಉತ್ತರ ಹೇಳಬಲ್ಲೆ. ಕೆರೆ ತುಂಬಿದ್ದಕ್ಕೆ ನನ್ನ ತಕರಾರಿಲ್ಲ ಅಜ್ಜಿ, ಸಂತೋಷವೇ. ಆದರೆ ನೀನು ಚಿಕ್ಕವಳಿದ್ದಾಗ ಈ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದೆ ಎನ್ನುತ್ತೀಯಲ್ಲ, ಹಾಗೆ ನಾನೂ ಹೆದರದೆ ಕೈ ಅದ್ದುವ ದಿನ ಬರಬೇಕು. ಅಲ್ಲಿಯವರೆಗೆ ಕೇಳುತ್ತಲೇ ಇರುತ್ತೇನೆ.