ಇಪ್ಪತ್ತು ಯೂರೋ ಕೊಟ್ಟರೆ ಬೀದಿ ಅಗಲವಾಗದು

ಗ್ರೀಸ್ ಸರ್ಕಾರ 2025ರ ಜುಲೈಯಿಂದ ಕ್ರೂಸ್ ಹಡಗಿನ ಪ್ರಯಾಣಿಕರಿಗೆ ಹೊಸ ಶುಲ್ಕ ಹಾಕಿದೆ. ಬೇಸಿಗೆಯ ಭರಾಟೆಯ ತಿಂಗಳುಗಳಲ್ಲಿ ಸ್ಯಾಂಟೊರಿನಿ, ಮಿಕೊನೋಸ್ ದ್ವೀಪಗಳಲ್ಲಿ ಇಳಿಯುವವರು ತಲೆಗೆ 20 ಯೂರೋ ತೆರಬೇಕು. ಉಳಿದ ಬಂದರುಗಳಲ್ಲಿ 5. ಹಡಗು ಕಂಪನಿಗಳಿಗೆ ಇದು ದುಬಾರಿ ಎನಿಸಿದೆ, ಅಂಗಡಿಯವರಿಗೆ ಗಿರಾಕಿ ತಪ್ಪುವ ಭಯ, ಸರ್ಕಾರಕ್ಕೆ ಏನೋ ಮಾಡಿದೆವೆಂಬ ಸಮಾಧಾನ. ಈ ಜಗಳವೇ ದಾರಿ ತಪ್ಪಿದೆ. ಸ್ಯಾಂಟೊರಿನಿಗೆ ಇರುವುದು ಜಾಗದ ಕೊರತೆ. ಅದನ್ನು ದುಡ್ಡಿನಿಂದ ತುಂಬಲಾಗದು. ಒಂದೇ ಹೊತ್ತಿಗೆ ಎಷ್ಟು ಜನ ಇಳಿಯಬಹುದು ಎಂಬ ಮಿತಿಯೊಂದೇ ಅದಕ್ಕೆ ಮದ್ದು.

ದ್ವೀಪದ ಜನಸಂಖ್ಯೆ ಸುಮಾರು 15,000. 2023ರಲ್ಲಿ ಅಲ್ಲಿಗೆ ಬಂದವರು ಸುಮಾರು 34 ಲಕ್ಷ; ಅವರಲ್ಲಿ ಹದಿಮೂರು ಲಕ್ಷದಷ್ಟು ಮಂದಿ ಹಡಗಿನಿಂದ ಇಳಿದು, ಕೆಲವೇ ತಾಸು ಸುತ್ತಾಡಿ, ಮತ್ತೆ ಹಡಗು ಹತ್ತಿದವರು. 2024ರ ಜುಲೈನಲ್ಲಿ ಒಂದೇ ದಿನ 17,000 ಪ್ರಯಾಣಿಕರು ಬರುವ ಸುದ್ದಿ ಹಬ್ಬಿತು. ಪುರಸಭೆಯ ಕೌನ್ಸಿಲ್ ಅಧ್ಯಕ್ಷರು ಆಗ ಫೇಸ್‌ಬುಕ್‌ನಲ್ಲಿ, ಸ್ಥಳೀಯರು ಆದಷ್ಟು ಓಡಾಟ ಕಡಿಮೆ ಮಾಡಬೇಕೆಂದು ಕೋರಿಕೊಂಡರು. ಜನ ರೊಚ್ಚಿಗೆದ್ದ ಮೇಲೆ ಆ ಬರಹ ಅಳಿಸಿಹೋಯಿತು. ನೆಂಟರು ಬಂದರೆಂದು ಮನೆಯವರೇ ಕೋಣೆ ಸೇರಿ ಚಿಲಕ ಹಾಕಿಕೊಳ್ಳಬೇಕೆಂದರೆ ಅದನ್ನು ಅತಿಥಿ ಸತ್ಕಾರ ಎನ್ನಲು ಯಾರಿಗೆ ಬಾಯಿ ಬಂದೀತು?

ಅಲ್ಲಿನ ಭೂಗೋಳ ತಿಳಿಯದೆ ಈ ವಿವಾದ ಅರ್ಥವಾಗುವುದಿಲ್ಲ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ದ್ವೀಪದ ನಡುಭಾಗ ಕುಸಿಯಿತು, ಆ ಕುಳಿಗೆ ಸಮುದ್ರ ನುಗ್ಗಿತು. ದೊಡ್ಡ ಹಡಗು ಬಂದು ತಾಗುವ ಧಕ್ಕೆ ಅಲ್ಲಿಲ್ಲ. ಹಡಗು ನಡುನೀರಲ್ಲೇ ನಿಲ್ಲುತ್ತದೆ. ಸಣ್ಣ ದೋಣಿಗಳು ಜನರನ್ನು ಹಳೆಯ ಬಂದರಿಗೆ ತಂದು ಇಳಿಸುತ್ತವೆ. ತಲೆಯ ಮೇಲೆ ಇನ್ನೂರು ಮೀಟರಿಗೂ ಎತ್ತರದ ಕಡಿಬಂಡೆ, ಅದರ ನೆತ್ತಿಯಲ್ಲಿ ಫಿರಾ ಪಟ್ಟಣ. ಮೇಲೇರಲು ಮೂರೇ ದಾರಿ: ಐನೂರೆಂಬತ್ತಕ್ಕೂ ಹೆಚ್ಚು ಮೆಟ್ಟಿಲು, ಕತ್ತೆ–ಹೇಸರಗತ್ತೆಗಳ ಬೆನ್ನು, ಇಲ್ಲವೇ ದಶಕಗಳಿಂದ ಓಡುತ್ತಿರುವ ಕೇಬಲ್ ಕಾರ್. ಹಡಗಿನಲ್ಲೇ ಪ್ರವಾಸದ ಟಿಕೆಟ್ ಕೊಂಡವರನ್ನು ಅಥಿನಿಯೋಸ್ ಬಂದರಿನಲ್ಲಿ ಇಳಿಸಿ ಬಸ್ಸಿನಲ್ಲಿ ಮೇಲೆ ಕರೆದೊಯ್ಯುತ್ತಾರೆ. ಆದರೆ ದಿನದ ಕೊನೆಗೆ ಅವರನ್ನೂ ಬಿಡುವುದು ಫಿರಾದಲ್ಲೇ.

ಕೇಬಲ್ ಕಾರ್ ಹೆಚ್ಚೆಂದರೆ ಗಂಟೆಗೆ ಸುಮಾರು 1,200 ಜನರನ್ನು ಸಾಗಿಸೀತು. 8,000 ಜನ ಇಳಿದುಹೋಗಲು ಆರೂವರೆ ತಾಸಿಗೂ ಮಿಕ್ಕಿ ಬೇಕು, 17,000 ಜನಕ್ಕೆ ಹದಿನಾಲ್ಕು ತಾಸು. ಸಂಜೆ ನಾಲ್ಕರ ಹೊತ್ತಿಗೆ ಸರದಿಯ ಸಾಲು ಒಡವೆ ಅಂಗಡಿಗಳ ನಡುವಿನ ಓಣಿಯೊಳಗೆ ಬೆಳೆಯುತ್ತಾ ಹೋಗುತ್ತದೆ. ನೆರಳಿಲ್ಲ. ಕೊನೆಯ ದೋಣಿ ತಪ್ಪೀತೆಂಬ ಆತಂಕಕ್ಕೆ ವಯಸ್ಸಾದವರೂ ಮೆಟ್ಟಿಲಿಳಿಯತೊಡಗುತ್ತಾರೆ. ಸವೆದು ನುಣುಪಾದ ಕಲ್ಲು, ಅದರ ಮೇಲೆ ಲದ್ದಿ, ಎದುರಿಗೆ ಜನರನ್ನು ಹೊತ್ತು ಏರಿ ಬರುವ ಕತ್ತೆಗಳು. ನೂರು ಕಿಲೋಗಿಂತ ಹೆಚ್ಚು ಭಾರ ಹೇರಬಾರದೆಂದು 2018ರಲ್ಲಿ ಗ್ರೀಸ್ ನಿಯಮ ಮಾಡಿತು. ಕತ್ತೆಯ ಬೆನ್ನಿಗೆ ಎಷ್ಟು ಭಾರವೆಂದು ಬರೆದಿಟ್ಟವರು, ಊರಿನ ಬೆನ್ನಿಗೆ ಎಷ್ಟೆಂದು ನಿಗದಿ ಮಾಡಲು ವರ್ಷಗಟ್ಟಲೆ ಮೀನಮೇಷ ಎಣಿಸಿದರು.

ಇಂಥಲ್ಲಿ 20 ಯೂರೋ ಏನು ಮಾಡೀತು? ವಾರದ ವಿಹಾರಕ್ಕೆ ನೂರಾರು ಯೂರೋ ಕಟ್ಟಿದವನು ಈ ಮೊತ್ತಕ್ಕೆ ಹೆದರಿ ಹಡಗಿನಲ್ಲೇ ಕೂರುವವನಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ತಲೆ ಎಣಿಸಿ ಹಣ ಪಡೆಯುವ ಸರ್ಕಾರ ತಲೆಗಳ ಸಂಖ್ಯೆ ಇಳಿಯಲಿ ಎಂದು ಎಂದಾದರೂ ಬಯಸೀತೆ? ಇಂದು ತಡೆಯೆಂದು ಹಾಕಿದ ಶುಲ್ಕ ನಾಳೆ ಬಜೆಟ್ಟಿನ ಆದಾಯವಾಗುತ್ತದೆ. ಆಮೇಲೆ ಜನಜಂಗುಳಿಯೇ ಖಜಾನೆಗೆ ಬೇಕಾಗುತ್ತದೆ.

ಶುಲ್ಕದ ಜೊತೆಗೇ 2025ರಲ್ಲಿ ದಿನಕ್ಕೆ 8,000 ಪ್ರಯಾಣಿಕರ ಮಿತಿಯೂ ಜಾರಿಗೆ ಬಂತು. ಮೇಯರ್ ನಿಕೋಸ್ ಜೋರ್ಜೋಸ್ ವರ್ಷಗಳಿಂದ ಕೇಳುತ್ತಿದ್ದುದು ಇದನ್ನೇ. ಸರಿಯಾದ ಹೆಜ್ಜೆ, ಆದರೆ ಅರ್ಧ ಹೆಜ್ಜೆ. ದ್ವೀಪದ ಜನಸಂಖ್ಯೆಯ ಅರ್ಧಕ್ಕೂ ಮಿಕ್ಕ ಜನ ಬೆಳಿಗ್ಗೆ ಒಂದೇ ಹೊತ್ತಿಗೆ ಇಳಿದು ಸಂಜೆ ಒಂದೇ ಹೊತ್ತಿಗೆ ಹತ್ತುವುದಾದರೆ ಕಾಗದದ ಮೇಲಿನ ದಿನದ ಲೆಕ್ಕದಿಂದ ಓಣಿಗೇನೂ ಬಿಡುವು ಸಿಗದು. ಮಿತಿ ಗಂಟೆಯ ಲೆಕ್ಕದಲ್ಲಿರಬೇಕು. ಕೇಬಲ್ ಕಾರ್ ಎಷ್ಟು ಹೊರುತ್ತದೋ ಅಷ್ಟಕ್ಕೆ ಸರಿಯಾಗಿ ಹಡಗುಗಳ ಸರದಿ ಹಂಚಬೇಕು.

ಮಿತಿ ಹಾಕಿದರೆ ಪ್ರವಾಸೋದ್ಯಮವೇ ಮುಳುಗುತ್ತದೆ ಎನ್ನುವವರು ಪಾಲ್ಮಾ ನೋಡಲಿ. ಮಯೋರ್ಕಾ ದ್ವೀಪದ ಆ ಬಂದರು 2022ರಿಂದ ದಿನಕ್ಕೆ ಮೂರೇ ಕ್ರೂಸ್ ಹಡಗು ಎಂಬ ಒಪ್ಪಂದಕ್ಕೆ ಬಂತು. ಪಾಲ್ಮಾಕ್ಕೆ ಪ್ರವಾಸಿಗರ ಬರವೇನೂ ಬಿದ್ದಿಲ್ಲ. ವೆನಿಸ್ 2021ರ ಆಗಸ್ಟ್‌ನಲ್ಲಿ 25,000 ಟನ್‌ಗಿಂತ ದೊಡ್ಡ ಹಡಗುಗಳನ್ನು ನಗರದ ಎದೆ ಸೀಳುವ ಜುದೆಕ್ಕಾ ಕಾಲುವೆಯಿಂದ ಹೊರಗಿಟ್ಟಿತು. ಆದರೆ ಅವುಗಳಲ್ಲಿ ಹಲವು ಪಕ್ಕದ ಮಾರ್ಗೇರಾ ಕೈಗಾರಿಕಾ ಬಂದರಿಗೆ ಸರಿದವು. ಒಂದೂರು ಬಾಗಿಲು ಹಾಕಿದರೆ ಹೊರೆ ಪಕ್ಕದೂರಿಗೆ ಹೋಗುತ್ತದೆ ಎಂಬುದೂ ಇದರಿಂದ ಗೊತ್ತಾಗುತ್ತದೆ. ಹಾಗಾಗಿ ಏಜಿಯನ್ ಸಮುದ್ರದ ದ್ವೀಪಗಳಿಗೆಲ್ಲ ಸೇರಿ ಒಂದೇ ಸರದಿ ಪಟ್ಟಿ ಬೇಕು.

ಮಿತಿಯ ವಿರೋಧಿಗಳ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕ್ರೂಸ್ ಎಂದರೆ ಮಧ್ಯಮ ವರ್ಗದ ಕುಟುಂಬಕ್ಕೂ ಎಟುಕುವ ವಿಹಾರ. ಅವರನ್ನು ತಡೆಯುವುದು ಶ್ರೀಮಂತರ ಬಿಂಕವಲ್ಲವೇ ಎನ್ನುತ್ತಾರೆ. ಈ ಪ್ರಶ್ನೆ ಕೇಳಬೇಕಾದದ್ದು ಶುಲ್ಕವನ್ನು. ಶುಲ್ಕ ಜೇಬು ನೋಡುತ್ತದೆ, ಸರದಿ ಎಲ್ಲರಿಗೂ ಒಂದೇ. ದೋಣಿಯವರ, ಕತ್ತೆಯವರ, ಒಡವೆ ಅಂಗಡಿಯವರ ಹೊಟ್ಟೆಪಾಡು ಹಡಗಿನ ಮೇಲೆ ನಿಂತಿರುವುದು ನಿಜ. ಆದರೆ ತಿಂಡಿ, ಊಟ, ಹಾಸಿಗೆ ಎಲ್ಲವನ್ನೂ ಹಡಗಿನಲ್ಲೇ ಕೊಂಡವನು ಮೂರು ತಾಸಿನಲ್ಲಿ, ಅದರಲ್ಲೂ ಅರ್ಧ ಹೊತ್ತು ಸಾಲಿನಲ್ಲಿ ನಿಂತು, ಊರಿಗೆ ಬಿಟ್ಟುಹೋಗುವುದೆಷ್ಟು? ಜನ ಕಡಿಮೆಯಾಗಿ ಸಮಯ ಹೆಚ್ಚಾದರೆ ಅಂಗಡಿಯವನಿಗೇ ಲಾಭ. ಈ ಹಡಗುಗಳಲ್ಲಿ ಮಂಗಳೂರು, ಉಡುಪಿ ಕಡೆಯ ಹುಡುಗರೂ ದುಡಿಯುತ್ತಾರೆ. ಹಡಗು ಮಂಗಳವಾರದ ಬದಲು ಬುಧವಾರ ಫಿರಾದ ಕೆಳಗೆ ನಿಂತರೆ ಅವರ ಸಂಬಳಕ್ಕೇನೂ ಕತ್ತರಿ ಬೀಳದು.

ಇನ್ನೊಂದು ಆಕ್ಷೇಪ ಹೋಟೆಲುಗಳ ಬಗ್ಗೆ. ಹಡಗಿನವರು ಸಂಜೆಗೆ ಹೋಗುತ್ತಾರೆ. ನೀರು ಬಳಸಿ, ನೆಲ ನುಂಗಿ ಕೂತವರು ಹೋಟೆಲಿನವರು. ಈ ಮಾತು ಪೂರ್ತಿ ಸರಿ. ದ್ವೀಪ ಕುಡಿಯುವುದು ಬಹುಮಟ್ಟಿಗೆ ಸಮುದ್ರದ ಉಪ್ಪು ತೆಗೆದ ನೀರನ್ನು. ಗಾಳಿಯ ಹೊಡೆತಕ್ಕೆ ಸಿಗದಂತೆ ಬುಟ್ಟಿಯ ಹಾಗೆ ನೆಲಕ್ಕೆ ಸುತ್ತಿ ಬೆಳೆಸುವ ಅಸಿರ್ಟಿಕೊ ದ್ರಾಕ್ಷಿಯ ತೋಟಗಳನ್ನು ಕಟ್ಟಡಗಳು ಒತ್ತರಿಸುತ್ತಿವೆ. ಇನ್ನೊಂದು ಹಾಸಿಗೆಯೂ ಬೇಡ ಎಂದು ಮೇಯರ್ ಹೇಳುತ್ತಲೇ ಇದ್ದಾರೆ. ಹಡಗಿಗೆ ಬೈದು ಹೋಟೆಲು ಕಟ್ಟುವವರ ಮಾತನ್ನು ನಂಬಬೇಕಿಲ್ಲ. ಮಿತಿ ಇಬ್ಬರಿಗೂ ಬೇಕು.

ಕಡೆಯದಾಗಿ ಜೀವದ ಪ್ರಶ್ನೆ. 2007ರ ಏಪ್ರಿಲ್‌ನಲ್ಲಿ ಸೀ ಡೈಮಂಡ್ ಎಂಬ ಕ್ರೂಸ್ ಹಡಗು ಇದೇ ಕುಳಿಯೊಳಗೆ ಬಂಡೆಗೆ ಬಡಿದು ಮುಳುಗಿತು; ಇಬ್ಬರು ಫ್ರೆಂಚ್ ಪ್ರಯಾಣಿಕರು ಸಿಗಲೇ ಇಲ್ಲ. 2025ರ ಫೆಬ್ರುವರಿಯಲ್ಲಿ ಸಾಲು ಸಾಲು ಭೂಕಂಪನಗಳಾದಾಗ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟರು. ಬಂಡೆ ಉರುಳುವ ಭಯಕ್ಕೆ ಹತ್ತಿರ ಸುಳಿಯಬೇಡಿ ಎಂದು ಆಡಳಿತ ಹೆಸರಿಸಿದ ಜಾಗಗಳಲ್ಲಿ ಫಿರಾದ ಹಳೆಯ ಬಂದರೂ ಇತ್ತು. ಅದು ಚಳಿಗಾಲ, ಹಡಗುಗಳಿರಲಿಲ್ಲ. ಜುಲೈ ತಿಂಗಳ ಮಧ್ಯಾಹ್ನವಾಗಿದ್ದರೆ ಆ ಬಂಡೆಯ ಬುಡದಲ್ಲಿ ಎಷ್ಟು ಸಾವಿರ ಜನ ಸಾಲಿನಲ್ಲಿ ನಿಂತಿರುತ್ತಿದ್ದರು?

ಗ್ರೀಸ್ ಶುಲ್ಕ ಪಡೆಯಲಿ; ನೀರು, ಚರಂಡಿ, ಆಸ್ಪತ್ರೆಗೆ ಅದು ಬೇಕು. ಆದರೆ ಶುಲ್ಕವನ್ನೇ ಪರಿಹಾರವೆಂದು ಮಾರುವುದನ್ನು ನಿಲ್ಲಿಸಲಿ. ಯಾವ ಹಡಗು ಎಷ್ಟು ಹೊತ್ತಿಗೆ ಬರಬೇಕೆಂಬ ತೀರ್ಮಾನ ಕಂಪನಿಯ ವೇಳಾಪಟ್ಟಿಯಿಂದ ದ್ವೀಪದ ಪುರಸಭೆಯ ಕೈಗೆ ಬರಬೇಕು. ಅದಾಗದಿದ್ದರೆ 20 ಯೂರೋ ಬರೀ ಟಿಕೆಟ್ ದರ, ಸ್ಯಾಂಟೊರಿನಿ ಬರೀ ಪ್ರದರ್ಶನದ ಮೈದಾನ.